ವಾಕರ್ ನಡೆದದ್ದು ರಸ್ತೆಯ ಮೇಲಲ್ಲ

ನಮಸ್ಕಾರ.

ಬ್ರಿಟಿಷರ ಮನೆತನದ ಹೆಸರುಗಳ ಬಗ್ಗೆ ನೀವು ಕಳಿಸಿದ ಲೇಖನ ತಲುಪಿತು. ಭಾಷೆ ಚೆನ್ನಾಗಿದೆ. ವಾಕ್ಯಗಳು ಎಲ್ಲೂ ತೊಡರುವುದಿಲ್ಲ. ಇಂಥ ವಿಷಯ ಆರಿಸಿಕೊಂಡದ್ದೂ ಸಂತೋಷ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ‘ಸ್ಥಳಾಭಾವ’ ಅಂತ ಬರೆದು ವಾಪಸ್ ಕಳಿಸಬಹುದಿತ್ತು. ಮನಸ್ಸು ಬರಲಿಲ್ಲ. ನಿಮ್ಮ ಎರಡನೇ ಪುಟ ಓದುವಾಗ ನನಗೆ ನಿಜವಾಗಿಯೂ ಸಿಟ್ಟು ಬಂತು. ಅದು ಯಾಕೆ ಅಂತ ಹೇಳಬೇಕು.

ಅಲ್ಲಿ ನೀವು ಬರೆದದ್ದು ಇದು: “ವಾಕರ್ ಎಂದರೆ ನಡೆಯುವವನು. ಊರಿಂದೂರಿಗೆ ನಡೆದು ಸುದ್ದಿ ಮುಟ್ಟಿಸುತ್ತಿದ್ದವರ ಮನೆತನಕ್ಕೆ ಈ ಹೆಸರು ಬಂತು.”

‘ಇರಬಹುದು’ ಎಂಬ ಒಂದು ಮಾತೂ ಇಲ್ಲ. ಈ ಸುದ್ದಿ ಮುಟ್ಟಿಸುವವನು ನಿಮಗೆ ಎಲ್ಲಿ ಸಿಕ್ಕ? ಎಲ್ಲೂ ಸಿಕ್ಕಿಲ್ಲ. ಇವತ್ತಿನ ಇಂಗ್ಲಿಷ್‌ನಲ್ಲಿ ಆ ಪದ ಕೇಳಿತು, ನಡೆಯುವ ಒಬ್ಬ ಮನುಷ್ಯ ಕಣ್ಣಿಗೆ ಬಂದ, ಅವನ ಕೈಗೆ ನೀವೇ ಒಂದು ಕೆಲಸ ಕೊಟ್ಟಿರಿ.

ವಾಕರ್ ನಿಜವಾಗಿಯೂ ಮಾಡುತ್ತಿದ್ದ ಕೆಲಸ ಎಷ್ಟು ಸೊಗಸಾಗಿದೆ ನೋಡಿ. ಮಗ್ಗದಿಂದ ಇಳಿಸಿದ ಉಣ್ಣೆ ಬಟ್ಟೆ ಜಾಳುಜಾಳಾಗಿರುತ್ತದೆ. ಉಣ್ಣೆಯ ಜಿಡ್ಡೂ ಪೂರ್ತಿ ಹೋಗಿರುವುದಿಲ್ಲ. ಅದನ್ನು ನೀರಿನ ತೊಟ್ಟಿಗೆ ಹಾಕುತ್ತಿದ್ದರು. ಜಿಡ್ಡು ಬಿಡಿಸಲು ಹಳಸಿದ ಮೂತ್ರವನ್ನೋ ಒಂದು ಬಗೆಯ ಜೇಡಿಮಣ್ಣನ್ನೋ ಸೇರಿಸುತ್ತಿದ್ದರು. ಆಮೇಲೆ ಗಂಟೆಗಟ್ಟಲೆ ಬರಿಗಾಲಲ್ಲಿ ತುಳಿತ. ತುಳಿದಷ್ಟೂ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ಕುಗ್ಗಿ, ದಪ್ಪವಾಗಿ, ಗಾಳಿ ತಡೆಯುವಂತಾಗುತ್ತಿತ್ತು. ಹಾಗೆ ತುಳಿಯುವವನು ವಾಕರ್. 12ನೇ ಶತಮಾನದ ಕೊನೆಯ ಹೊತ್ತಿಗೆ ನೀರಿನ ಚಕ್ರದಿಂದ ಎದ್ದು ಬೀಳುವ ಮರದ ಕೊಡತಿಗಳು ಈ ಕೆಲಸಕ್ಕೆ ಬರತೊಡಗಿದವು. ಕಾಲಿನ ಕೆಲಸ ಕಡಿಮೆಯಾಯಿತು, ಹೆಸರು ಉಳಿಯಿತು.

ಇಷ್ಟೇ ಅಲ್ಲ. ಇದೇ ಕೆಲಸ ಮಾಡುವವನನ್ನು ಇಂಗ್ಲೆಂಡಿನ ಉತ್ತರದಲ್ಲಿ ವಾಕರ್ ಅಂದರು, ಆಗ್ನೇಯದಲ್ಲಿ ಫುಲ್ಲರ್ ಅಂದರು, ನೈಋತ್ಯದಲ್ಲಿ ಟಕರ್ ಅಂದರು. ಟಕರ್ ಹುಟ್ಟಿದ ಹಳೆಯ ಇಂಗ್ಲಿಷ್ ಪದಕ್ಕೆ ಮೊದಲಿದ್ದ ಅರ್ಥ ‘ಹಿಂಸೆ ಕೊಡು’. ಬಟ್ಟೆಗೆ ಕೊಡುವ ಹಿಂಸೆ! 1881ರ ಜನಗಣತಿಯಲ್ಲೂ ವಾಕರ್‌ಗಳು ಯಾರ್ಕ್‌ಶೈರ್ ಕಡೆ ಜಾಸ್ತಿ, ಟಕರ್‌ಗಳು ಡೆವನ್ ಕಡೆ ಜಾಸ್ತಿ. ತುಳಿಯುವ ಕೆಲಸ ಹೋಗಿ ಎಷ್ಟೋ ನೂರು ವರ್ಷ ಆದಮೇಲೂ ಹೆಸರುಗಳು ಹುಟ್ಟಿದ ಜಾಗದ ಸುತ್ತಲೇ ಇವೆ. ಇದನ್ನೆಲ್ಲ ಬಿಟ್ಟು ನೀವು ಒಬ್ಬ ಓಲೆಕಾರನನ್ನು ತಂದಿರಿ. ನನಗೆ ಸಂಕಟವಾದದ್ದು ಅದಕ್ಕೇ.

ಅದರ ಕೆಳಗಿನ ಸಾಲು: “ಬೇಕರ್‌ನ ಮಗ ಬ್ಯಾಕ್ಸ್‌ಟರ್.” ಇದೂ ಊಹೆಯೇ. ಆ ಕೊನೆಯ ‘ಸ್ಟರ್’ ಮೊದಲಿಗೆ ಕೆಲಸ ಮಾಡುವ ಹೆಂಗಸನ್ನು ಸೂಚಿಸುತ್ತಿತ್ತು. ಬ್ಯಾಕ್ಸ್‌ಟರ್ ಬ್ರೆಡ್ ಬೇಯಿಸುವವಳು. ವೆಬ್‌ಸ್ಟರ್ ನೇಯುವವಳು. ಬ್ರೂಸ್ಟರ್ ಮನೆಯಲ್ಲಿ ಬಿಯರ್ ಕಾಯಿಸಿ ಮಾರುವವಳು. ಕಾಲ ಕಳೆದಂತೆ ಗಂಡಸರಿಗೂ ಅದೇ ಹೆಸರು ಬಳಕೆಗೆ ಬಂತು, ನಿಜ. ಆದರೆ ನಿಮ್ಮ ಇಡೀ ಲೇಖನದಲ್ಲಿ ದುಡಿಯುವ ಹೆಂಗಸು ಒಬ್ಬಳೂ ಇಲ್ಲ. ಬಾಗಿಲಿಗೆ ಬಂದಿದ್ದ ಒಬ್ಬಳನ್ನು ನೀವು ಯಾರದೋ ಮಗನನ್ನಾಗಿ ಮಾಡಿಬಿಟ್ಟಿರಿ.

ಈ ತಪ್ಪಿನ ರುಚಿ ನನಗೆ ಚೆನ್ನಾಗಿ ಗೊತ್ತು. ನನಗಾಗ 23 ವರ್ಷ. ಒಂದು ಸಣ್ಣ ವಾರಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ. ಊರ ಹೆಸರುಗಳ ಬಗ್ಗೆ ಒಂದು ಬರಹ ಬರೆದು ಹಿರಿಯ ಉಪಸಂಪಾದಕರ ಮೇಜಿನ ಮೇಲಿಟ್ಟೆ. ಅದರಲ್ಲಿ ಬೆಂಗಳೂರಿನ ಕಥೆ ಇತ್ತು. ಹಸಿದು ಬಂದ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು. ನಾನೂ ನಿಮ್ಮ ಹಾಗೇ ಅದನ್ನು ನಡೆದ ಸಂಗತಿ ಎಂಬಂತೆ ಬರೆದಿದ್ದೆ. ಅವರು ಓದಿದರು. ಬೈಯಲಿಲ್ಲ. ಒಂದು ಚೀಟಿಯಲ್ಲಿ ಎರಡು ಸಾಲು ಬರೆದುಕೊಟ್ಟು, “ಬೇಗೂರಿಗೆ ಹೋಗಿ ಬಾ, ಆಮೇಲೆ ಮಾತಾಡೋಣ” ಅಂದರು.

ಬಸ್ಸು ಹತ್ತಿ ಹೋದೆ. ನಾಗೇಶ್ವರ ದೇವಸ್ಥಾನದ ಕಲ್ಲಿನ ಮುಂದೆ ನಿಂತೆ. ಹಳೆಯ ಲಿಪಿ, ಓದಲು ಬರಲಿಲ್ಲ. ಚೀಟಿ ತೆಗೆದು ನೋಡಿದೆ. ಸುಮಾರು ಕ್ರಿ.ಶ. 890ರ ಶಾಸನ. ಅದರಲ್ಲಿ ‘ಬೆಂಗಳೂರ’ ಕಾಳಗದ ಮಾತಿದೆ. ಬಲ್ಲಾಳ ಪಟ್ಟಕ್ಕೆ ಬಂದದ್ದು 12ನೇ ಶತಮಾನದಲ್ಲಿ. ಅವನು ಹುಟ್ಟುವ ಮೊದಲೇ ಊರಿಗೆ ಆ ಹೆಸರಿತ್ತು! ಮಧ್ಯಾಹ್ನದ ಬಿಸಿಲಲ್ಲಿ ಆ ಕಲ್ಲಿನ ಮೇಲೆ ಕೈಯಿಟ್ಟು ನಿಂತದ್ದು ಈಗಲೂ ಅಂಗೈಯಲ್ಲಿದೆ. ವಾಪಸ್ ಬಂದು ನನ್ನ ಬರಹವನ್ನು ಕೇಳಿ ತೆಗೆದುಕೊಂಡೆ. ಅವರು ಮತ್ತೆ ಏನೂ ಕೇಳಲಿಲ್ಲ.

ಈಗ ನಿಮ್ಮ ಮೂರನೇ ಪುಟದ ಮೊದಲ ಸಾಲು: “1066ರಲ್ಲಿ ನಾರ್ಮನ್ನರು ಬಂದರು, ಬ್ರಿಟನ್ನಿನ ಎಲ್ಲರಿಗೂ ಮನೆತನದ ಹೆಸರು ಬಂತು.”

‘ಎಲ್ಲರಿಗೂ’ ತಪ್ಪು. ಇಂಗ್ಲೆಂಡನ್ನು ಗೆದ್ದ, ಫ್ರಾನ್ಸಿನ ನಾರ್ಮಂಡಿಯ ದೊರೆಗಳು ತಮ್ಮ ಊರಿನ ಹೆಸರು ಹೊತ್ತು ಬಂದರು. ಪರ್ಸಿ, ಮಾಂಟ್ಗೊಮರಿ ಅಂಥವು. ಜಮೀನು ಅಪ್ಪನಿಂದ ಮಗನಿಗೆ ಹೋಗುವಾಗ ಹೆಸರೂ ಜೊತೆಗೆ ಹೋಗುವುದು ಅವರಿಗೆ ಅನುಕೂಲ. ಹಳ್ಳಿಯವನಿಗೆ ಆ ಗರಜು ಇರಲಿಲ್ಲ. ಕಮ್ಮಾರ ಸ್ಮಿತ್. ಅವನ ಮಗ ಬ್ರೆಡ್ ಬೇಯಿಸುವ ಕೆಲಸಕ್ಕೆ ಸೇರಿದರೆ ಬೇಕರ್. ಹೆಸರು ಆ ಮನುಷ್ಯನದು, ಅವನೊಂದಿಗೇ ಮುಗಿಯಿತು. ಆಮೇಲೆ ಊರು ತುಂಬ ಜಾನ್, ವಿಲಿಯಂ, ರಾಬರ್ಟ್‌ಗಳೇ ಆದಾಗ ಗುರುತಿಗೆ ಇನ್ನೊಂದು ಹೆಸರು ಬೇಕೇಬೇಕಾಯಿತು. 1377, 1379, 1381ರಲ್ಲಿ ತಲೆಗಂದಾಯ ಹಾಕಿದರು. ಆ ಪಟ್ಟಿಗಳಲ್ಲಿ ಕೆಲವೆಡೆ ಹೆಸರಿನ ಜೊತೆ ಕಸುಬನ್ನೂ ಬರೆದಿದ್ದಾರೆ. ಹೆಸರು ಒಂದು, ಕಸುಬು ಬೇರೊಂದು ಇದ್ದರೆ ಆ ಹೆಸರು ಹಿಂದಿನವರಿಂದ ಬಂದಿರಬೇಕು, ಅಲ್ವಾ? ಇಂಗ್ಲೆಂಡಿನ ಹೆಚ್ಚಿನ ಮನೆಗಳಲ್ಲಿ ಹೆಸರು ನೆಲೆ ನಿಂತದ್ದು ಸುಮಾರು 1400ರ ಹೊತ್ತಿಗೆ. ಮುನ್ನೂರು ವರ್ಷಕ್ಕೂ ಜಾಸ್ತಿ ಹಿಡಿದ ಕೆಲಸವನ್ನು ನೀವು ಒಂದು ಅಲ್ಪವಿರಾಮದಲ್ಲಿ ಮುಗಿಸಿದ್ದೀರಿ.

‘ಬ್ರಿಟನ್ನಿನ’ ಎಂಬುದೂ ತಪ್ಪು. ಬ್ರಿಟನ್ನಿನದೇ ಭಾಗವಾದ ವೇಲ್ಸ್‌ನಲ್ಲಿ ‘ಆಪ್’ ಎಂದರೆ ಮಗ. ಹವೆಲ್‌ನ ಮಗ ಆಪ್ ಹವೆಲ್. ಅವನ ಮಗನಿಗೆ ಮತ್ತೆ ಬೇರೆ ಹೆಸರು. 1536ರಲ್ಲಿ ವೇಲ್ಸ್ ಅನ್ನು ಇಂಗ್ಲೆಂಡಿನ ಕಾನೂನಿನ ಕೆಳಗೆ ತಂದ ಮೇಲೆ, ಮೊದಲು ಸಿರಿವಂತರು, ನಿಧಾನಕ್ಕೆ ಉಳಿದವರು ಮನೆತನದ ಹೆಸರು ಹಿಡಿದರು. ಆಗ ‘ಆಪ್’ನ ಕೊನೆಯ ಸದ್ದು ಮುಂದಿನ ಹೆಸರಿಗೆ ಅಂಟಿತು. ಆಪ್ ಹವೆಲ್ ಪೊವೆಲ್ ಆದ. ಆಪ್ ರೀಸ್ ಪ್ರೈಸ್ ಆದ. ನೀವು ಪೊವೆಲ್ “ಯಾವುದೋ ಊರಿನ ಹೆಸರು” ಅಂದಿದ್ದೀರಿ.

ರಾಜಮನೆತನದ ಭಾಗ, ಲಾಂಛನದ ಭಾಗ ಇವುಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ನಿಮ್ಮ ಮೊದಲ ಸಾಲಿಗೆ ಬರುತ್ತೇನೆ. “ಕಬ್ಬನ್ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತಾಗ ಈ ಲೇಖನ ಹೊಳೆಯಿತು” ಅಂತ ಶುರು ಮಾಡಿದ್ದೀರಿ. ಆಮೇಲೆ ಕಬ್ಬನ್ ಎಂಬ ಮಾತು ಎಲ್ಲೂ ಬರುವುದಿಲ್ಲ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಹುಟ್ಟಿದ್ದು ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದಲ್ಲಿ. ಅಲ್ಲಿಯ ಭಾಷೆಯಲ್ಲಿ ‘ಮ್ಯಾಕ್’ ಎಂದರೆ ಮಗ. ಗಿಬ್ಬನ್ ಎಂಬುದು ಗಿಲ್ಬರ್ಟ್‌ನ ಮುದ್ದಿನ ರೂಪ. ಮ್ಯಾಕ್ ಗಿಬ್ಬನ್ ಎಂದು ಹೇಳುತ್ತಾ ಹೇಳುತ್ತಾ ಮೊದಲಿನ ‘ಮ್ಯಾ’ ಉದುರಿ, ‘ಕ್’ ಮಾತ್ರ ಅಂಟಿಕೊಂಡಿತು. ಕಬ್ಬನ್. ವೇಲ್ಸ್‌ನ ಪೊವೆಲ್‌ಗೆ ಆದದ್ದೇ ಇಲ್ಲೂ ಆಯಿತು. ನೀವು ಆ ಹೆಸರಿನ ನೆರಳಲ್ಲೇ ಕೂತಿದ್ದಿರಿ.

ಲೇಖನವನ್ನು ಆ ಬೆಂಚಿನಿಂದಲೇ ಮತ್ತೆ ಶುರು ಮಾಡಿ. ಐವತ್ತು ಹೆಸರು ಬೇಡ, ಆರು ಸಾಕು. ವಾಕರ್ ಇರಲಿ. ಆದರೆ ನಾನು ಇಲ್ಲಿ ಬರೆದದ್ದನ್ನು ಹಾಗೇ ಎತ್ತಿ ಹಾಕಬೇಡಿ, ನೀವೇ ಹೋಗಿ ಹುಡುಕಿ ನೋಡಿ. ನಾನು ಹೇಳಿದ್ದರಲ್ಲಿ ತಪ್ಪು ಸಿಕ್ಕರೆ ಅದನ್ನೂ ಬರೆಯಿರಿ. ಎರಡು ತಿಂಗಳು ತೆಗೆದುಕೊಳ್ಳಿ. ಕಾಯುತ್ತಿರುತ್ತೇನೆ.

ಸಂಪಾದಕ