ಸ್ಪ್ಯಾಮ್ ಕಳುಹಿಸುವವರಿಗೆ ಸಾವಿರ ಇಮೇಲ್ ತಿರುಗಿ ಕಳುಹಿಸುವುದು ನ್ಯಾಯವೇ?

ತಾವು ಇಳಕಲ್ಲಿನಲ್ಲಿ ಸೀರೆ ವ್ಯಾಪಾರ ಮಾಡುತ್ತಿರುವುದಾಗಿಯೂ, ಅಂಗಡಿಯ ಇಮೇಲಿಗೆ ದಿನಕ್ಕೆ ಎಪ್ಪತ್ತು ಎಂಬತ್ತು ಸ್ಪ್ಯಾಮ್ (ಕೇಳದೆಯೇ ಬರುವ ಜಾಹೀರಾತು ಮತ್ತು ಮೋಸದ ಪತ್ರಗಳು) ಬಂದು ಸೊಲ್ಲಾಪುರ, ಪುಣೆಯ ಗಿರಾಕಿಗಳ ಆರ್ಡರುಗಳು ಅದರಡಿ ಮುಚ್ಚಿಹೋಗುತ್ತಿರುವುದಾಗಿಯೂ ಬರೆದಿದ್ದೀರಿ. ಪ್ರತಿ ಸ್ಪ್ಯಾಮಿಗೆ ತಾನಾಗಿಯೇ ಸಾವಿರ ಉತ್ತರ ಕಳುಹಿಸುವ ಪ್ರೋಗ್ರಾಂ ಒಂದನ್ನು ತಮ್ಮ ಅಳಿಯ ಬರೆದುಕೊಟ್ಟಿದ್ದಾರೆ. ಅವರು ನಮಗೆ ಮಾಡಿದ್ದನ್ನೇ ನಾವು ಅವರಿಗೆ ಮಾಡಿದರೆ ತಪ್ಪೇನು ಎಂಬುದು ತಮ್ಮ ಪ್ರಶ್ನೆ.

ದಯವಿಟ್ಟು ಆ ಪ್ರೋಗ್ರಾಂ ಓಡಿಸಬೇಡಿ. ಇದನ್ನು ನಾನು ಶಾಂತ ಸ್ವಭಾವದವನೆಂದು ಹೇಳುತ್ತಿಲ್ಲ, ಒಮ್ಮೆ ಇದೇ ಕೆಲಸ ಮಾಡಿ ಕೈ ಸುಟ್ಟುಕೊಂಡವನೆಂದು ಹೇಳುತ್ತಿದ್ದೇನೆ.

ಸುಮಾರು ಹದಿನೈದು ವರ್ಷಗಳ ಹಿಂದೆ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು ಕಂಪ್ಯೂಟರುಗಳನ್ನೂ ಮೇಲ್ ಸರ್ವರನ್ನೂ ನೋಡಿಕೊಳ್ಳುತ್ತಿದ್ದೆ. ನಕಲಿ ಗಡಿಯಾರ ಮತ್ತು ಔಷಧಿಗಳ ಜಾಹೀರಾತು ನೋಡಿ ನೋಡಿ ಬೇಸತ್ತು, ಬಂದ ಪ್ರತಿ ಸ್ಪ್ಯಾಮನ್ನು ಇನ್ನೂರು ಪ್ರತಿ ಮಾಡಿ ಕಳುಹಿಸಿದವರ ವಿಳಾಸಕ್ಕೇ ಹಿಂದಿರುಗಿಸುವ ವ್ಯವಸ್ಥೆ ಮಾಡಿದೆ. ಎರಡು ರಾತ್ರಿ ಬಹಳ ಸಮಾಧಾನದಿಂದ ಮಲಗಿದೆ. ಮೂರನೆಯ ದಿನ ಎಲ್ಲಿಯೋ ದೂರದ ದೇಶದ ಒಂದು ಸಣ್ಣ ಶಾಲೆಯಿಂದ ಪತ್ರ ಬಂತು. ನಾವು ನಿಮಗೆ ಏನನ್ನೂ ಕಳುಹಿಸಿಲ್ಲ, ನಮ್ಮ ಅಂಚೆಪೆಟ್ಟಿಗೆ ನಿಮ್ಮ ಪತ್ರಗಳಿಂದ ತುಂಬಿ ಪಾಲಕರ ಪತ್ರಗಳು ಹಿಂದಿರುಗುತ್ತಿವೆ, ದಯವಿಟ್ಟು ನಿಲ್ಲಿಸಿ ಎಂದು ಅದರಲ್ಲಿ ಕೇಳಿಕೊಂಡಿದ್ದರು. ಅದೇ ವಾರ ನಮ್ಮ ಸರ್ವರಿನ ವಿಳಾಸವೇ ಸ್ಪ್ಯಾಮ್ ಕಳುಹಿಸುವವರ ಕಪ್ಪುಪಟ್ಟಿಗೆ ಸೇರಿ, ಬೇರೆ ಸರ್ವರುಗಳು ನಮ್ಮ ಪತ್ರಗಳನ್ನು ತಿರಸ್ಕರಿಸತೊಡಗಿದವು. ಕೊಲ್ಹಾಪುರದ ಗಿರಾಕಿಯೊಬ್ಬರಿಗೆ ಹೋಗಬೇಕಾದ ಕೊಟೇಶನ್ ತಲುಪಲೇ ಇಲ್ಲ, ಆರ್ಡರು ಬೇರೆಯವರ ಪಾಲಾಯಿತು. ಮಾಲಕರು ಕರೆದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ನನ್ನ ತಪ್ಪು ಎಲ್ಲಿತ್ತೆಂಬುದನ್ನು ತಿಳಿಯಲು ಇಮೇಲ್ ನಡೆಯುವ ರೀತಿಯನ್ನು ನೋಡಬೇಕು. ಇಂದಿಗೂ ಪತ್ರಗಳನ್ನು ಸಾಗಿಸುವ ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು 1982ರಲ್ಲಿ ರೂಪಿಸಿದಾಗ ಅದನ್ನು ಬಳಸುತ್ತಿದ್ದವರು ಬಹುಮಟ್ಟಿಗೆ ಪರಸ್ಪರ ನಂಬಿಕೆಯಿದ್ದ ಸಂಶೋಧಕರು. ಲಕೋಟೆಯ ಹಿಂಬದಿಗೆ ಯಾರ ವಿಳಾಸ ಬರೆದರೂ ಅಂಚೆಯವರು ಹೇಗೆ ಪರೀಕ್ಷಿಸುವುದಿಲ್ಲವೋ ಹಾಗೆಯೇ ಆ ನಿಯಮಾವಳಿಯೂ ಕಳುಹಿಸಿದವರ ವಿಳಾಸವನ್ನು ಪರೀಕ್ಷಿಸುತ್ತಿರಲಿಲ್ಲ. ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ತಪಾಸಣೆಗಳು ಬಂದದ್ದು ಎರಡು ದಶಕಗಳ ನಂತರ. ಅವು ಹೇಳುವುದೂ ಪತ್ರ ಯಾವ ಡೊಮೇನಿನ (ವಿಳಾಸದಲ್ಲಿ @ ಗುರುತಿನ ನಂತರ ಬರುವ ಹೆಸರು) ಹೆಸರಿನಲ್ಲಿ ಹೊರಟಿತೆಂಬುದನ್ನೇ ಹೊರತು ಅದನ್ನು ಕಳುಹಿಸಿದ ಮನುಷ್ಯ ಯಾರೆಂಬುದನ್ನಲ್ಲ. ಸ್ಪ್ಯಾಮ್ ದಂಧೆಯವನು ಕದ್ದ ಖಾತೆಗಳಿಂದ, ವೈರಸ್ ತಗುಲಿದ ಯಾರದೋ ಮನೆಯ ಕಂಪ್ಯೂಟರುಗಳಿಂದ ಪತ್ರ ಕಳುಹಿಸುತ್ತಾನೆ. ಕಳುಹಿಸಿದವರೆಂದು ಕಾಣುವ ವಿಳಾಸದ ಪೆಟ್ಟಿಗೆಯನ್ನು ಅವನು ಒಮ್ಮೆಯೂ ತೆರೆದು ನೋಡುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯಂತೆ ನಾನು ಆ ಶಾಲೆಗೆ ಬರೆ ಹಾಕಿದ್ದೆ.

ಇದು ನನ್ನೊಬ್ಬನ ದಡ್ಡತನವೇನೂ ಅಲ್ಲ. 1997ರಲ್ಲಿ ಜೋಸ್ ಡಾಟ್ ಕಾಮ್ ಎಂಬ ತಾಣದವರು ಸ್ಪ್ಯಾಮ್ ಮೂಲಕ ಜಾಹೀರಾತು ಮಾಡುತ್ತಿದ್ದ ಒಬ್ಬ ಬಳಕೆದಾರನ ಖಾತೆಯನ್ನು ತೆಗೆದುಹಾಕಿದರು. ಅವನು ಸೇಡಿಗಾಗಿ ಆ ತಾಣದ ಒಡೆಯ ಜೋ ಅವರ ಹೆಸರಿನಲ್ಲೇ ಸ್ಪ್ಯಾಮ್ ಹಂಚಿದ. ಅದನ್ನು ಪಡೆದು ಸಿಟ್ಟಿಗೆದ್ದ ಜನ, ಅಂದರೆ ನಿಮ್ಮ ನನ್ನಂತಹವರೇ, ಜೋ ಅವರ ತಾಣದ ಮೇಲೆ ಮುಗಿಬಿದ್ದು ಕೆಲಕಾಲ ಅದನ್ನು ಕೆಡವಿಹಾಕಿದರು. ಸ್ಪ್ಯಾಮಿನ ವಿರುದ್ಧ ಕ್ರಮ ಕೈಗೊಂಡವರಿಗೇ ಸ್ಪ್ಯಾಮ್ ವಿರೋಧಿಗಳಿಂದ ಪೆಟ್ಟು ಬಿತ್ತು. ಇಂತಹ ಕುತಂತ್ರಕ್ಕೆ ಈಗಲೂ 'ಜೋ ಜಾಬ್' ಎಂದೇ ಹೆಸರು.

ಗುರಿ ಖಚಿತವಾಗಿ ಗೊತ್ತಿದ್ದರೆ ಸರಿಯೇ ಎಂದು ತಾವು ಕೇಳಬಹುದು. ಇದು ಗಟ್ಟಿಯಾದ ಪ್ರಶ್ನೆ, ಏಕೆಂದರೆ ಪತ್ರದ ವಿಳಾಸ ಸುಳ್ಳಾದರೂ ಅದು ಜಾಹೀರಾತು ಮಾಡುವ ಅಂಗಡಿ ನಿಜವಿರಲೇಬೇಕು. ಇಲ್ಲದಿದ್ದರೆ ಹಣ ಯಾರಿಗೆ ಹೋದೀತು? ಇಸ್ರೇಲಿನ ಬ್ಲೂ ಸೆಕ್ಯೂರಿಟಿ ಎಂಬ ಕಂಪನಿ ಇದೇ ತರ್ಕದ ಮೇಲೆ ಬ್ಲೂ ಫ್ರಾಗ್ ಎಂಬ ಸೇವೆ ನಡೆಸುತ್ತಿತ್ತು. ಅದರ ಸದಸ್ಯರಿಗೆ ಬಂದ ಒಂದು ಸ್ಪ್ಯಾಮಿಗೆ ಪ್ರತಿಯಾಗಿ ಒಂದೇ ಒಂದು ದೂರು, ನಮ್ಮ ವಿಳಾಸವನ್ನು ತೆಗೆಯಿರಿ ಎಂದು, ಜಾಹೀರಾತಿನ ತಾಣಕ್ಕೆ ಹೋಗುತ್ತಿತ್ತು. ಒಂದಕ್ಕೆ ಸಾವಿರವಲ್ಲ, ಒಂದಕ್ಕೆ ಒಂದು. ಸೇಡಿನ ರೂಪಗಳಲ್ಲಿ ನ್ಯಾಯಕ್ಕೆ ಅತಿ ಸಮೀಪವಾದದ್ದು ಇದೇ ಎಂದು ನನಗೆ ಈಗಲೂ ಅನಿಸುತ್ತದೆ, ಆದರೂ ಅದರ ಕೊನೆ ಒಳ್ಳೆಯದಾಗಲಿಲ್ಲ. 2006ರ ಮೇ ತಿಂಗಳಲ್ಲಿ ಸ್ಪ್ಯಾಮ್ ದಂಧೆಯವರು ಆ ಕಂಪನಿಯ ತಾಣಕ್ಕೆ ಒಮ್ಮೆಲೇ ಅಸಂಖ್ಯ ಕೋರಿಕೆ ಕಳುಹಿಸಿ ಅದನ್ನು ಕೆಡವುವ ಭಾರೀ ದಾಳಿ ನಡೆಸಿದರು. ಕಂಪನಿ ತನ್ನ ಡೊಮೇನನ್ನು ಟೈಪ್‌ಪ್ಯಾಡ್ ಎಂಬ ಬ್ಲಾಗ್ ಸೇವೆಯಲ್ಲಿದ್ದ ತನ್ನ ಬ್ಲಾಗಿಗೆ ತಿರುಗಿಸಿದ್ದರಿಂದ ಆ ದಾಳಿಯೂ ಅಲ್ಲಿಗೇ ತಿರುಗಿ, ಈ ಜಗಳದ ಗಂಧಗಾಳಿಯೂ ಇಲ್ಲದ ಅಸಂಖ್ಯ ಜನರ ಬ್ಲಾಗುಗಳು ಗಂಟೆಗಟ್ಟಲೆ ಮುಚ್ಚಿಹೋದವು. ಅದೇ ತಿಂಗಳೊಳಗೆ ಕಂಪನಿ ಸೇವೆಯನ್ನೇ ನಿಲ್ಲಿಸಿತು. ಅದಕ್ಕೂ ಮೊದಲು, 2004ರ ಕೊನೆಯಲ್ಲಿ, ಲೈಕೋಸ್ ಯುರೋಪ್ ಕಂಪನಿ ಸ್ಪ್ಯಾಮ್ ತಾಣಗಳಿಗೆ ಹೊರೆ ಹಾಕುವ ಸ್ಕ್ರೀನ್‌ಸೇವರನ್ನು ಹಂಚಿ, ಟೀಕೆಗಳು ಬಂದ ಮೇಲೆ ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆದಿತ್ತು.

ಅಂತರ್ಜಾಲದಲ್ಲಿ ಯಾರ ಮನೆಯೂ ಒಂಟಿಮನೆಯಲ್ಲ. ಒಂದೇ ಸರ್ವರಿನಲ್ಲಿ ನೂರಾರು ತಾಣಗಳು ಇರುತ್ತವೆ, ಒಂದೇ ದಾರಿಯಲ್ಲಿ ಎಲ್ಲರ ಪತ್ರಗಳೂ ಸಾಗುತ್ತವೆ. ಹಾಗಾಗಿ ಪೆಟ್ಟು ಅಪರಾಧಿಗೆ ಮಾತ್ರ ಬೀಳುವಂತೆ ಕೊಡಲು ಸಾಧ್ಯವಾದಾಗ ಮಾತ್ರ ಸೇಡಿನ ನ್ಯಾಯವನ್ನು ಚರ್ಚಿಸಬಹುದೆಂದೂ, ಇಮೇಲಿನಲ್ಲಿ ಆ ಸಾಧ್ಯತೆ ಬಹುತೇಕ ಇಲ್ಲವೆಂದೂ ನನ್ನ ಅಭಿಪ್ರಾಯ.

ಕಾನೂನಿನ ಮಾತು ಬಂದರೆ ಸ್ಥಿತಿ ಇನ್ನೂ ವಿಚಿತ್ರವಾಗಿದೆ. ವಾಣಿಜ್ಯ ಕರೆ ಮತ್ತು ಎಸ್‌ಎಂಎಸ್‌ಗಳಿಗೆ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನ 2018ರ ನಿಯಮಗಳಿವೆ, 1909ಕ್ಕೆ ದೂರು ಕೊಡಬಹುದು. ಇಮೇಲ್ ಸ್ಪ್ಯಾಮಿಗೆಂದೇ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಆದರೆ ಬೇರೆಯವರ ಕಂಪ್ಯೂಟರ್ ವ್ಯವಸ್ಥೆಗೆ ಅಡ್ಡಿಪಡಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಕಲಮಿನಡಿ ಪರಿಹಾರ ಕೊಡಬೇಕಾಗಬಹುದು. ಅಂದರೆ ಆ ಪ್ರೋಗ್ರಾಂ ಓಡಿಸಿದ ಕ್ಷಣದಿಂದ ಸ್ಪ್ಯಾಮ್ ಕಳುಹಿಸಿದವನಿಗಿಂತ ತಾವೇ ಕಾನೂನಿನ ಕೈಗೆ ಹತ್ತಿರವಾಗಿರುತ್ತೀರಿ.

ಮೋಸಗಾರರ ಜೊತೆ ಸುಳ್ಳು ಸುಳ್ಳೇ ಪತ್ರವ್ಯವಹಾರ ನಡೆಸಿ ಅವರ ಸಮಯ ಕಳೆಯುವುದಾದರೂ ಸರಿಯೇ ಎಂದೂ ಕೇಳಿದ್ದೀರಿ. ಅದರಿಂದ ಮೂರನೆಯವರಿಗೆ ಹಾನಿಯಿಲ್ಲವೆಂದು ನಾನೂ ಬಹಳ ದಿನ ನಂಬಿದ್ದೆ. 2023ರ ಆಗಸ್ಟಿನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯ ವರದಿ ಬಂದ ಮೇಲೆ ಆ ನಂಬಿಕೆ ಸಡಿಲವಾಯಿತು: ಮ್ಯಾನ್ಮಾರಿನಲ್ಲಿ ಕನಿಷ್ಠ 1,20,000 ಮತ್ತು ಕಾಂಬೋಡಿಯಾದಲ್ಲಿ ಸುಮಾರು 1,00,000 ಜನರನ್ನು ಬಲವಂತವಾಗಿ ಆನ್‌ಲೈನ್ ವಂಚನೆಯ ಕೆಲಸಕ್ಕೆ ಹಚ್ಚಿರಬಹುದೆಂದು ಅದು ಅಂದಾಜು ಮಾಡಿತ್ತು. ನೌಕರಿಯ ಆಸೆಗೆ ಹೋಗಿ ಸಿಕ್ಕಿಬಿದ್ದ ನಮ್ಮ ದೇಶದ ಹುಡುಗರೂ ಅಂತಹವರಲ್ಲಿದ್ದಾರೆ. ಆ ಕಡೆ ಕುಳಿತವನು ಧಣಿಯೋ ಸೆರೆಯಾಳೋ ಎಂಬುದು ಪತ್ರದಿಂದ ತಿಳಿಯದಿರುವಾಗ ಅವನನ್ನು ಆಡಿಸುವುದು ನನಗೆ ಸೇರುವುದಿಲ್ಲ.

ಹಾಗೆಂದು ಸುಮ್ಮನೆ ಕೂರಬೇಕಿಲ್ಲ. ಸಿಟ್ಟು ತೀರಿಸಿಕೊಳ್ಳಲು ಎಲ್ಲಕ್ಕಿಂತ ಗಟ್ಟಿಯಾದ ದಾರಿ ತಮ್ಮ ಜಿಮೇಲಿನಲ್ಲೇ ಇರುವ 'ಸ್ಪ್ಯಾಮ್ ಎಂದು ವರದಿ ಮಾಡಿ' ಎಂಬ ಗುಂಡಿ. 2024ರ ಫೆಬ್ರುವರಿಯಿಂದ ಗೂಗಲ್, ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರು ಸ್ಪ್ಯಾಮ್ ದೂರುಗಳ ಪ್ರಮಾಣವನ್ನು ಶೇಕಡಾ 0.3ಕ್ಕಿಂತ ಕೆಳಗೆ ಇಟ್ಟುಕೊಳ್ಳಬೇಕೆಂದು ನಿಯಮ ಮಾಡಿದೆ. ಸಾವಿರಕ್ಕೆ ಮೂರು ಜನ ಆ ಗುಂಡಿ ಒತ್ತಿದರೆ ಸಾಕು, ಆ ಕಂಪನಿಯ ಉಳಿದ ಪತ್ರಗಳಿಗೂ ಕುತ್ತು. ನಿವೇಶನ ಮಾರುವವರು, ಕೋಚಿಂಗ್ ಕ್ಲಾಸಿನವರು ಮುಂತಾದ ನಿಜವಾದ ಕಂಪನಿಗಳಿಗೆ ಇದರ ಬಿಸಿ ಚೆನ್ನಾಗಿ ತಟ್ಟುತ್ತದೆ. ಮೊದಲು ಒಮ್ಮೆ ಅನ್‌ಸಬ್‌ಸ್ಕ್ರೈಬ್ ಮಾಡಿ (ಅವರ ಪಟ್ಟಿಯಿಂದ ತಮ್ಮ ವಿಳಾಸ ತೆಗೆಸಿ) ನೋಡಿ, ಕೇಳದಿದ್ದರೆ ಗುಂಡಿ ಒತ್ತಿ. ಊರು ಹೆಸರಿಲ್ಲದವರ ಪತ್ರದಲ್ಲಿ ಮಾತ್ರ ಯಾವ ಕೊಂಡಿಯನ್ನೂ ಒತ್ತಬೇಡಿ, ಒತ್ತಿದರೆ ಈ ವಿಳಾಸದಲ್ಲಿ ಓದುವವರಿದ್ದಾರೆಂದು ನಾವೇ ಹೇಳಿಕೊಟ್ಟಂತಾಗುತ್ತದೆ.

ತಮ್ಮ ಅಳಿಯನ ಶ್ರಮವೂ ವ್ಯರ್ಥವಾಗಬೇಕಿಲ್ಲ. ಆ ಪ್ರೋಗ್ರಾಂನಲ್ಲಿ ಸ್ಪ್ಯಾಮನ್ನು ಗುರುತಿಸುವ ಭಾಗವನ್ನು ಉಳಿಸಿಕೊಂಡು ಉತ್ತರ ಕಳುಹಿಸುವ ಭಾಗವನ್ನು ಅಳಿಸಲು ಹೇಳಿ. ಹಳೆಯ ಗಿರಾಕಿಗಳ ವಿಳಾಸದಿಂದ ಬಂದ ಪತ್ರಗಳನ್ನೂ, ಟೋಪುತೆನೆ, ಕಸೂತಿ, ಸೆರಗು ಎಂಬಂತಹ ಪದಗಳಿರುವ ಪತ್ರಗಳನ್ನೂ ಅದು ಬೇರೆ ಫೋಲ್ಡರಿಗೆ ಹಾಕಲಿ, ಉಳಿದದ್ದು ಸ್ಪ್ಯಾಮ್ ಪೆಟ್ಟಿಗೆಗೆ ಹೋಗಲಿ. ಮೊದಲ ಹದಿನೈದು ದಿನ ಮಾತ್ರ ಸಂಜೆ ಅಂಗಡಿ ಮುಚ್ಚುವ ಮುನ್ನ ಸ್ಪ್ಯಾಮ್ ಪೆಟ್ಟಿಗೆಯನ್ನೂ ಒಮ್ಮೆ ತೆರೆದು, ಯಾರಾದರೂ ಗಿರಾಕಿಯ ಪತ್ರ ತಪ್ಪಿ ಅಲ್ಲಿಗೆ ಹೋಗಿದೆಯೇ ಎಂದು ನೋಡಿಕೊಳ್ಳಿ.