ಖೋ ಅನ್ನಲು ದನಿ ಬೇಕು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಹುಡುಗಿಗೆ 16 ವರ್ಷ, ಮೊದಲ ಪಿಯುಸಿ. ಮೈಸೂರು ಕಡೆಯವಳು. "ಹಾಜರಿ ಕೂಗಿದ್ರೂ ಬಾಯಿ ಬಿಡಲ್ವಂತೆ ಮೇಡಂ, ಆಬ್ಸೆಂಟ್ ಹಾಕ್ತಾರೆ" ಎಂದು ಅಮ್ಮ ನನ್ನ ಬಳಿ ಆಪ್ತಸಮಾಲೋಚನೆಗೆ ಕರೆತಂದಿದ್ದರು. ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು. "ನಂಗೇನೂ ಬರಲ್ಲ" ಅಂದದ್ದು ಬಿಟ್ಟರೆ ಅವತ್ತು ಬೇರೆ ಮಾತಿಲ್ಲ.

ನಿದ್ದೆ, ಊಟ, ಮುಟ್ಟು, ಸಾಯುವ ಯೋಚನೆ, ಇವನ್ನೆಲ್ಲ ಮೊದಲು ಕೇಳಿಕೊಂಡೆ. ಖಿನ್ನತೆ ಕಾಣಲಿಲ್ಲ. ಸುಸ್ತು ಮಾತ್ರ ಜಾಸ್ತಿ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 10 ಇತ್ತು. ಈ ವಯಸ್ಸಿಗೆ 12 ಆದರೂ ಇರಬೇಕು. ವೈದ್ಯರು ಕಬ್ಬಿಣಾಂಶದ ಮಾತ್ರೆ ಕೊಟ್ಟು, ಆಟ ಓಟ ಏನಿದ್ದರೂ ನಿಧಾನಕ್ಕೆ ಇರಲಿ ಎಂದರು. ಮೈಯಲ್ಲಿ ರಕ್ತವೇ ಕಡಿಮೆ ಇರುವ ಮಗುವಿಗೆ ಸುಮ್ನೆ ಧೈರ್ಯ ಹೇಳಿದರೆ ಸಾಲದು, ಅಲ್ವಾ?

ಏಳನೇ ಕ್ಲಾಸಿನವರೆಗೆ ಖೋಖೋ ಆಡುತ್ತಿದ್ದಳೆಂದು ಎರಡನೇ ಭೇಟಿಯಲ್ಲಿ ಗೊತ್ತಾಯಿತು. ದೊಡ್ಡವಳಾದ ಮೇಲೆ ಮನೆಯವರು ಬಿಡಿಸಿದ್ದರು. ಅದನ್ನು ಹೇಳುವಾಗ ತಲೆ ಎತ್ತಿದಳು.

ನಾನು ಹಿಡಿದುಕೊಂಡದ್ದು ಅದನ್ನೇ. ಖೋಖೋದಲ್ಲಿ ಕೂತವಳ ಬೆನ್ನು ಮುಟ್ಟಿದರಷ್ಟೇ ಸಾಲದು. ಮುಟ್ಟುವಾಗಲೇ "ಖೋ" ಎಂದು ಜೋರಾಗಿ ಕೂಗಬೇಕು, ಇಲ್ಲದಿದ್ದರೆ ಫೌಲ್. ಕೂತವಳು ಅದಕ್ಕೆ ಮೊದಲೇ ಎದ್ದರೂ ತಪ್ಪು. ತನ್ನ ದನಿಗಾಗಿ ಇನ್ನೊಬ್ಬಳು ಕಾಯುತ್ತಾಳೆ ಅನ್ನೋದು ಅಲ್ಲಿ ಮೈಗೇ ತಿಳಿಯುತ್ತದೆ. ನಾಯಕತ್ವದ ಮೊದಲ ಪಾಠ ಅದು ಎಂದು ನಾನು ನಂಬಿದ್ದೇನೆ. "ಗೆಲುವು ಸೋಲು ಬಿಡು. ದಿನಕ್ಕೆ ಹತ್ತು ಸಲ ಖೋ ಕೊಡು, ಕೂತವಳಿಗೆ ಕೇಳಿಸಬೇಕು ಅಷ್ಟೇ" ಎಂದೆ.

ಅಮ್ಮನಿಗೆ ಬೇರೆ ಹೇಳಬೇಕಿತ್ತು. 5ರಿಂದ 17 ವರ್ಷದವರೆಗಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಸಂಜೆ ಒಂದು ಗಂಟೆ ಅವಳಿಗೆ ಬಿಡಿ, ಟ್ಯೂಷನ್ ಹಿಂದೆಮುಂದೆ ಮಾಡಿಕೊಳ್ಳಿ. "ಗೆದ್ಯಾ?" ಅನ್ನಬೇಡಿ, "ಏನಾಯ್ತು ಇವತ್ತು?" ಅನ್ನಿ. ಅಕ್ಕನ ಮಾರ್ಕ್ಸ್ ಮಾತು ಎತ್ತಲೇಬೇಡಿ.

"ಬೆಳೆದ ಹೆಣ್ಣುಮಗು, ಜನ ಏನಂತಾರೆ?" ಎಂದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋಖೋ ವಿಶ್ವಕಪ್ ಗೆದ್ದ ನಮ್ಮ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಚೈತ್ರಾ ಇದ್ದರಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆರಕ್ಕೆಲ್ಲ ಮನೇಲಿರಬೇಕು" ಅಂದರು.

ನಾಲ್ಕನೇ ಭೇಟಿಗೆ ಮೊಣಕಾಲು ತರಚಿಕೊಂಡು ಬಂದಳು. ಬೀದಿಯ ಚಿಕ್ಕ ಹುಡುಗಿಯರನ್ನು ಒಬ್ಬಳ ಮುಖ ಆ ಕಡೆ, ಇನ್ನೊಬ್ಬಳ ಮುಖ ಈ ಕಡೆ ಎಂದು ಸಾಲಾಗಿ ಕೂರಿಸಿ ಆಡಿಸುವುದು ಈಗ ಅವಳದೇ ಕೆಲಸವಂತೆ. ಕ್ಲಾಸಿನಲ್ಲಿ "ಪ್ರೆಸೆಂಟ್" ಅನ್ನುವುದು ಇನ್ನೂ ಮೆಲ್ಲಗೇ. ಆದರೆ ಲೆಕ್ಚರರ್‌ಗೆ ಕೇಳಿಸುತ್ತಿದೆ.