ಹ್ಯಾಕಿಂಗ್ ಬಿಡಿ, ‘ಸರ್ಚಿಂಗ್’ ನೋಡಿ

ಸಿನಿಮಾದಲ್ಲಿ ತೋರಿಸುವ ಇಂಟರ್ನೆಟ್ ಎಲ್ಲಾ ಬರೀ ಬುರುಡೆನಾ, ನಿಜಕ್ಕೆ ಹತ್ತಿರವಾದದ್ದು ಒಂದಾದರೂ ಇದೆಯಾ ಅಂತ ಕೇಳಿದ್ದೀರಿ. ಇದೆ ಸರ್. 2018ರ ‘ಸರ್ಚಿಂಗ್’ ನೋಡಿ.

ಇಡೀ ಸಿನಿಮಾ ನಡೆಯುವುದು ಕಂಪ್ಯೂಟರ್, ಫೋನ್ ಪರದೆಗಳ ಮೇಲೆ. ಮಗಳು ಕಾಣೆಯಾಗಿದ್ದಾಳೆ, ಅಪ್ಪ ಅವಳ ಲ್ಯಾಪ್‌ಟಾಪ್ ತೆಗೆದು ಹುಡುಕುತ್ತಾನೆ. ಅವನೇನು ಹ್ಯಾಕರ್ ಅಲ್ಲ. ನಾವು ನೀವು ಮಾಡುವ ಹಾಗೆ ‘ಪಾಸ್‌ವರ್ಡ್ ಮರೆತಿದೆ’ ಒತ್ತಿ ಒಂದು ಖಾತೆಯಿಂದ ಇನ್ನೊಂದಕ್ಕೆ ದಾರಿ ಮಾಡಿಕೊಳ್ಳುತ್ತಾನೆ. ನನಗೆ ಜಾಸ್ತಿ ಹಿಡಿಸಿದ್ದು ಅವನು ಮೆಸೇಜ್ ಬರೆಯುವ ರೀತಿ. ಏನೋ ಟೈಪ್ ಮಾಡುತ್ತಾನೆ, ಕರ್ಸರ್ ಮಿನುಗುತ್ತಾ ನಿಲ್ಲುತ್ತದೆ, ಆಮೇಲೆ ಅಷ್ಟನ್ನೂ ಅಳಿಸಿ ಇನ್ನೇನೋ ಚಿಕ್ಕದಾಗಿ ಕಳಿಸುತ್ತಾನೆ. ಮುಖ ತೋರಿಸದೆಯೂ ಸಂಕಟ ಗೊತ್ತಾಗುತ್ತದೆ. ಆಮೇಲೆ ಮಗಳ ಜೊತೆ ಸರಿಯಾಗಿ ಮಾತೂ ಆಡದವರು ಸುದ್ದಿ ದೊಡ್ಡದಾದ ಮೇಲೆ ಆಪ್ತರ ಹಾಗೆ ಕಣ್ಣೀರು ಹಾಕುವುದು! ಇದನ್ನು ನಾವೂ ನೋಡಿದ್ದೇವೆ ಅಲ್ವಾ?

ಹ್ಯಾಕಿಂಗೇ ಬೇಕು ಅಂದರೆ, 2003ರ ‘ಮ್ಯಾಟ್ರಿಕ್ಸ್ ರೀಲೋಡೆಡ್’ನಲ್ಲಿ ನಾಯಕಿ ಟ್ರಿನಿಟಿ ಬಳಸುವ ಎನ್‌ಮ್ಯಾಪ್ ನಿಜವಾದ ಸಾಫ್ಟ್‌ವೇರ್; ನೆಟ್‌ವರ್ಕ್‌ನಲ್ಲಿರುವ ಕಂಪ್ಯೂಟರ್‌ಗಳಲ್ಲಿ ಯಾವ ಬಾಗಿಲು ತೆರೆದಿದೆ ಅಂತ ಹುಡುಕುವಂಥದ್ದು. ಅವಳು ಒಳನುಗ್ಗಲು ಬಳಸುವ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ವ್ಯವಸ್ಥೆ) ದೋಷವೂ 2001ರಲ್ಲಿ ಬಯಲಾಗಿದ್ದ ನಿಜವಾದ ದೋಷವೇ. ಕೆಲವೇ ಸೆಕೆಂಡು ಬರುತ್ತದೆ, ಕಣ್ಣು ಮಿಟುಕಿಸಬೇಡಿ.

1995ರ ‘ದಿ ನೆಟ್’ ನೋಡಿ ನಕ್ಕೆ ಅಂದಿರಿ. ಕಥೆ ಸ್ವಲ್ಪ ಅತಿಯೇ, ಒಪ್ಪುತ್ತೇನೆ. ಆದರೆ ಅದರಲ್ಲಿ ಸಾಂಡ್ರಾ ಬುಲಕ್ ಮನೆಯಲ್ಲೇ ಕೂತು ಆನ್‌ಲೈನಲ್ಲಿ ಪಿಜ್ಜಾ ತರಿಸುತ್ತಾಳೆ. ಆ ಕಾಲಕ್ಕೆ ಜನ ಅದನ್ನೂ ಬುರುಡೆ ಅಂದುಕೊಂಡಿರಬಹುದು.